ಸ್ವಂತ ಸಣ್ಣ ಬಿಸಿನೆಸ್ ಶುರು ಮಾಡ್ಲಿಕ್ಕೆ ಹೆದರಿಕೆ ಆಗ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಲ್ಲಿ ನಮ್ದೊಂದು ಸಣ್ಣ ಪ್ರಿಂಟಿಂಗ್ ಅಂಗಡಿ. ಲೇಬಲ್, ಸ್ಟಿಕ್ಕರ್, ವಿಸಿಟಿಂಗ್ ಕಾರ್ಡ್, ಬಿಲ್ ಬುಕ್ಕು ಇಂಥದ್ದು. ಹಪ್ಪಳ ಉಪ್ಪಿನಕಾಯಿ ಮಾಡುವವ್ರು, ಕೇಕ್ ಮಾಡುವವ್ರು, ಬ್ಲೌಸ್ ಹೊಲಿಯುವವ್ರು, ಗಲ್ಫಿಂದ ವಾಪಸ್ ಬಂದು ಎಂತಾದ್ರೂ ಮಾಡ್ಬೇಕು ಅಂತ ಇರುವವ್ರು, ಎಲ್ರೂ ಶುರುವಿಗೆ ಒಮ್ಮೆ ನಮ್ಮಂಥ ಅಂಗಡಿಗೆ ಬಂದೇ ಬರ್ತಾರೆ. ಲೇಬಲ್ ಮಾತು ಹತ್ತು ನಿಮಿಷ, ಉಳಿದದ್ದು ಪೂರ್ತಿ ಹೆದರಿಕೆಯ ಮಾತು. ಕೌಂಟರಲ್ಲಿ ನಿಂತು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅದೇ ಅದೇ ಆದ ಕಾರಣ ಒಂದು ಕಡೆ ಬರೆದಿಟ್ರೆ ಒಳ್ಳೇದು ಅಂತ ಅನ್ನಿಸ್ತು.

ಐಡಿಯಾ ಉಂಟು, ಸ್ವಲ್ಪ ಪೈಸೆಯೂ ಉಂಟು, ಆದ್ರೆ ಶುರು ಮಾಡ್ಲಿಕ್ಕೇ ಆಗುದಿಲ್ಲ. ನನಗೆ ಎಂತ ಆಗಿದೆ?

ಎಂತದೂ ಆಗ್ಲಿಲ್ಲ, ಹೆದರಿಕೆ ಅಷ್ಟೆ. ಆದ್ರೆ ಯಾವುದರ ಹೆದರಿಕೆ ಅಂತ ಸರಿಯಾಗಿ ನೋಡ್ಕೊಳ್ಬೇಕು, ಯಾಕಂದ್ರೆ ಬಾಯಲ್ಲಿ ಹೇಳುದು ಒಂದು ಒಳಗೆ ಇರುದು ಇನ್ನೊಂದು. ಮೊದಲು ಕೇಳಿದ್ರೆ ಎಲ್ರೂ ಬಂಡವಾಳ ಇಲ್ಲ ಅಂತಾರೆ, ಮತ್ತೆ ಸ್ವಲ್ಪ ಹೊತ್ತು ಕೂತು ಮಾತಾಡಿದ್ರೆ ನಿಧಾನಕ್ಕೆ ಬರ್ತದೆ ನೋಡಿ, ಗಂಡನ ಮನೆಯವ್ರು ಎಂತ ಹೇಳ್ತಾರೋ, ಒಂದು ಪ್ಯಾಕೆಟ್ ಚೆನ್ನಾಗಿಲ್ಲ ಅಂತ ವಾಪಸ್ ಬಂದ್ರೆ ಮುಖ ಎಲ್ಲಿ ಇಟ್ಕೊಳ್ಳುದು, ಪಕ್ಕದ ಮನೆ ಆಂಟಿ ಹತ್ರ ಪೈಸೆ ಹೇಗೆ ಕೇಳುದು.

ನಮ್ಮಲ್ಲಿ ಲೇಬಲ್ ಮಾಡಿಸುವಾಗ ಒಂದು ವಿಷಯ ಯಾವಾಗ್ಲೂ ನೋಡ್ತೇನೆ. ಹೆಸರು ರೆಡಿ, ಫೋಟೋ ರೆಡಿ, ಬಣ್ಣ ಬೇಕಾದ್ದು ಹೇಳ್ತಾರೆ, ಅಕ್ಷರ ಸ್ವಲ್ಪ ದೊಡ್ಡದು ಮಾಡಿ ಅಂತಾರೆ, ಎಂಆರ್‌ಪಿ ಎಷ್ಟು ಹಾಕುದು ಅಂತ ಕೇಳಿದ ಕೂಡ್ಲೇ ಸೈಲೆಂಟ್. "ಅದು ಖಾಲಿ ಬಿಡಿ ಅಕ್ಕ, ನಾನು ಮತ್ತೆ ಪೆನ್ನಲ್ಲಿ ಬರೀತೇನೆ." ಪ್ರೂಫಲ್ಲಿ (ಮೊದಲು ತೋರಿಸುವ ಮಾದರಿ ಪ್ರಿಂಟಲ್ಲಿ) 70 ಅಂತ ಹಾಕಿದ್ರೆ 60 ಮಾಡಿ ಅಂತಾರೆ, ಮನೆಗೆ ಹೋಗಿ ಫೋನ್ ಮಾಡಿ 55 ಸಾಕು ಅಂತಾರೆ. ಅಲ್ಲಿ ಇರುದು ನೋಡಿ ಹೆದರಿಕೆ. ಗುರ್ತದವ್ರ ಮುಖ ನೋಡಿ ರೇಟು ಹೇಳ್ಲಿಕ್ಕೆ ಆಗುದಿಲ್ಲ. ಆ ಒಂದು ಬಿಟ್ರೆ ಉಳಿದದ್ದಕ್ಕೆಲ್ಲ ಆಫೀಸು, ಫಾರ್ಮು, ಸ್ಕೀಮು ಏನಾದ್ರೂ ಒಂದು ದಾರಿ ಉಂಟು.

ಜನ ಎಂತ ಹೇಳ್ತಾರೆ ಅಂತ ಯೋಚ್ನೆ. ಇಂಜಿನಿಯರಿಂಗ್ ಓದಿ ಅಂಗಡಿ ಇಟ್ಟ ಅಂತ ನಗಾಡುದಿಲ್ವಾ?

ಸ್ವಲ್ಪ ದಿನ ನಗಾಡ್ತಾರೆ. ಸುಳ್ಳು ಹೇಳಿ ಎಂತ ಮಾಡುದು.

ನಮ್ಮ ಊರಿದ್ದು ಒಂದು ವಿಚಿತ್ರ ಉಂಟು ಮಾರಾಯ್ರೆ. ಬೊಂಬಾಯಿಗೆ ಹೋಗಿ ಹೋಟೆಲಲ್ಲಿ ಗ್ಲಾಸ್ ತೊಳೆದು ಮತ್ತೆ ಸ್ವಂತ ಹೋಟೆಲ್ ಮಾಡಿದವ ಊರಿಗೆ ಬಂದ್ರೆ ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣದಲ್ಲಿ ಅವನ ಹೆಸರು ದೊಡ್ಡ ಅಕ್ಷರದಲ್ಲಿ ಬರ್ತದೆ (ಪ್ರಿಂಟ್ ಮಾಡುವವ್ರು ನಾವೇ, ಗೊತ್ತುಂಟು). ಅದೇ ಹುಡುಗ ಇಲ್ಲೇ ಬಿಜೈಯಲ್ಲೋ ಕಲ್ಸಂಕದಲ್ಲೋ ಸಣ್ಣ ಕ್ಯಾಂಟೀನ್ ಇಟ್ರೆ "ಪಾಪ, ಕೆಲಸ ಸಿಗ್ಲಿಲ್ಲ ಕಾಣ್ತದೆ". ದೂರದಲ್ಲಿ ಮಾಡಿದ್ರೆ ಉದ್ಯಮಿ, ಊರಲ್ಲೇ ಮಾಡಿದ್ರೆ ಪಾಪ.

ಇದು ಎಂಥ ಊರು ಅಂತ ನೋಡಿ. 1906ರಲ್ಲಿ ಒಂದೇ ವರ್ಷ ಮಂಗಳೂರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕ್, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬ್ರು ಕಾರ್ಪೊರೇಶನ್ ಬ್ಯಾಂಕ್ ಶುರು ಮಾಡಿದ್ರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್. ಆಗ ಇದೆಲ್ಲ ಒಂದೇ ಜಿಲ್ಲೆ. ಸಿಂಡಿಕೇಟ್ ಶುರುವಾದದ್ದು 8,000 ರೂಪಾಯಿ ಬಂಡವಾಳದಲ್ಲಿ, ಕೈಮಗ್ಗದ ನೇಕಾರರಿಗೆ ಸಹಾಯ ಆಗ್ಲಿ ಅಂತ. 1928ರಿಂದ ಅವ್ರ ಪಿಗ್ಮಿ ಏಜೆಂಟ್ರು ದಿನಕ್ಕೆ ಎರಡೆರಡು ಆಣೆ ಮನೆ ಮನೆಗೆ ಹೋಗಿ ಒಟ್ಟು ಮಾಡ್ತಿದ್ರು. ಬಾಗಿಲು ತಟ್ಟಿ ಎರಡು ಆಣೆ ಕೇಳ್ಲಿಕ್ಕೆ ಅವ್ರಿಗೆ ನಾಚಿಕೆ ಆಗ್ಲಿಲ್ಲ, ನಮಗೆ ಚಕ್ಕುಲಿಗೆ 70 ಕೇಳ್ಲಿಕ್ಕೆ ನಾಚಿಕೆ.

ಇನ್ನು ನಗಾಡುವವ್ರ ವಿಷಯ. ಅವ್ರೇ ನಿಮ್ಮ ಮೊದಲ ಗಿರಾಕಿ ಆಗುವ ಚಾನ್ಸ್ ಜಾಸ್ತಿ, ಯಾಕಂದ್ರೆ ಎಂತ ಮಾಡಿದ್ದಾನೆ ಅಂತ ನೋಡ್ಲಿಕ್ಕಾದ್ರೂ ಬರ್ತಾರೆ. ಬಂದಾಗ ಪುಕ್ಕಟೆ ಕೊಡ್ಬೇಡಿ.

ಮನೆಯಲ್ಲಿ ಬ್ಯಾಂಕ್ ಎಕ್ಸಾಮ್ ಬರಿ ಅಂತಾರೆ. ಹೇಗೆ ಒಪ್ಪಿಸುದು?

ಮಾತಲ್ಲಿ ಒಪ್ಪಿಸ್ಲಿಕ್ಕೆ ಹೋಗ್ಬೇಡಿ, ಊಟದ ಹೊತ್ತಿಗೆ ಜಗಳ ಆಗುದು ಅಷ್ಟೆ. ಅಪ್ಪ ಅಮ್ಮನಿಗೆ ಹೆದರಿಕೆ ಇರುದು ನೀವು ಇರುವ ಪೈಸೆ ಎಲ್ಲ ಹಾಕಿ ಕೂತ್ಕೊಳ್ತೀರಿ ಅಂತ, ಅಥವಾ ಅಡಿಕೆ ತೋಟದ ಆರ್‌ಟಿಸಿ ಅಡವು ಇಡ್ತೀರಿ ಅಂತ. ಅದಕ್ಕೆ ಎಷ್ಟು ಹಾಕ್ತೇನೆ, ಎಷ್ಟು ಹೋದ್ರೆ ನಿಲ್ಲಿಸ್ತೇನೆ ಅಂತ ಎರಡು ನಂಬರ್ ಹೇಳಿ. "ಅಪ್ಪ, ಮೂವತ್ತು ಸಾವಿರ ಹಾಕ್ತೇನೆ, ಅದು ಹೋದ್ರೆ ಬಂದು ಎಕ್ಸಾಮಿಗೆ ಕೂತ್ಕೊಳ್ತೇನೆ, ಮನೆ ಕಾಗದ ಪತ್ರ ಮುಟ್ಟುದಿಲ್ಲ." ಇಷ್ಟು ಹೇಳಿದ ಮೇಲೆ ಅವ್ರಿಗೆ ವಾದ ಮಾಡ್ಲಿಕ್ಕೆ ಹೆಚ್ಚು ಉಳಿಯುದಿಲ್ಲ. ಮೊದಲ ಆರ್ಡರ್ ಪ್ಯಾಕ್ ಮಾಡ್ಲಿಕ್ಕೆ ಅಮ್ಮನನ್ನು ಕರೀರಿ, ಮರುದಿನ ಅವ್ರೇ ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳ್ತಾರೆ.

ಇರುವ ಕೆಲಸ ಬಿಡ್ಬೇಕಾ?

ಬೇಡ. ಕಂಪೆನಿ ಕಾಗದದಲ್ಲಿ ಬೇರೆ ದುಡಿಮೆ ಮಾಡ್ಬಾರ್ದು ಅಂತ ಬರೆದಿದ್ಯಾ ಅಂತ ಮಾತ್ರ ಒಮ್ಮೆ ನೋಡಿ. ಇಲ್ಲದಿದ್ರೆ ಶನಿವಾರ ಭಾನುವಾರ ಸಾಕು. ಧೈರ್ಯ ತೋರಿಸ್ಲಿಕ್ಕೆ ರಾಜೀನಾಮೆ ಕೊಡುವವ್ರನ್ನು ನೋಡಿದ್ರೆ ನನಗೆ ಮಂಡೆ ಬಿಸಿ ಆಗ್ತದೆ. ತಿಂಗಳ ಸಂಬಳ ಬರ್ತಾ ಇದ್ರೆ ರೇಟು ಇಳಿಸದೆ ಇರುವ ಧೈರ್ಯ ಇರ್ತದೆ, ಅದು ಇಲ್ಲದಿದ್ರೆ ಬಂದ ಗಿರಾಕಿ ಹೇಳಿದ ರೇಟಿಗೆ ಕೊಟ್ಟು ಕಳಿಸುದು.

ಗುರ್ತದವ್ರ ಹತ್ರ ಪೈಸೆ ಕೇಳ್ಲಿಕ್ಕೆ ನಾಚಿಕೆ ಆಗ್ತದೆ. ರೇಟು ಹೇಗೆ ಇಡುದು?

ಇದಕ್ಕೆ ಸ್ವಲ್ಪ ಉದ್ದ ಬರೀತೇನೆ, ಇದೇ ಮುಖ್ಯ ಇರುದು.

ನಾಚಿಕೆ ಆಗುದು ಯಾಕೆ ಅಂದ್ರೆ ಆ ರೇಟು ಎಲ್ಲಿಂದ ಬಂತು ಅಂತ ನಿಮಗೇ ಗೊತ್ತಿಲ್ಲದ ಕಾರಣ. "ಅಷ್ಟು ಯಾಕೆ?" ಅಂತ ಒಬ್ರು ಕೇಳಿದ್ರೆ ಹೇಳ್ಲಿಕ್ಕೆ ಉತ್ರ ಇಲ್ಲ, ಅದಕ್ಕೆ ಮೊದಲೇ ಇಳಿಸಿ ಬಿಡುದು. ಲೆಕ್ಕ ಕಾಗದದಲ್ಲಿ ಇದ್ರೆ ಬಾಯಿ ತಾನಾಗಿ ಬರ್ತದೆ.

ಒಂದು ಉದಾಹರಣೆ ಮಾಡುವ, ನಂಬರ್ ಎಲ್ಲ ಬರೀ ಲೆಕ್ಕಕ್ಕೆ ಇಟ್ಟದ್ದು, ನೀವು ನಿಮ್ದು ಹಾಕ್ಕೊಳ್ಳಿ. 200 ಗ್ರಾಮಿನ ಚಕ್ಕುಲಿ ಪ್ಯಾಕೆಟ್. ಅಕ್ಕಿ, ಉದ್ದು, ಬೆಣ್ಣೆ, ಎಣ್ಣೆ, ಎಳ್ಳು ಸೇರಿ 28 ರೂಪಾಯಿ ಅಂತ ಇಟ್ಕೊಳ್ಳಿ. ಗ್ಯಾಸ್ 4. ಕವರು ಲೇಬಲ್ಲು 4. ಅಲ್ಲಿಗೆ 36. ಹೆಚ್ಚಿನವ್ರು ಇಲ್ಲಿಗೆ ಲೆಕ್ಕ ನಿಲ್ಲಿಸಿ 36 ಬಿದ್ದದ್ದು 45ಕ್ಕೆ ಕೊಟ್ರೆ 9 ರೂಪಾಯಿ ಲಾಭ ಅಂತ ಕುಶಿ ಪಡ್ತಾರೆ. ನೀವು ನಾಲ್ಕು ಗಂಟೆ ಒಲೆ ಮುಂದೆ ನಿಂತದ್ದು ಎಲ್ಲಿ ಹೋಯ್ತು? ನಾಲ್ಕು ಗಂಟೆಗೆ 40 ಪ್ಯಾಕೆಟ್ ಆಗ್ತದೆ, ಗಂಟೆಗೆ 75 ರೂಪಾಯಿ ಕೂಲಿ ಹಿಡಿದ್ರೂ 300 ಆಯ್ತು, ಪ್ಯಾಕೆಟಿಗೆ ಏಳೂವರೆ. ಸ್ಕೂಟಿ ಪೆಟ್ರೋಲು ಎರಡೂವರೆ. ಮುರಿದದ್ದು, ಮೆತ್ತಗಾದದ್ದು, ಅಂಗಡಿಯಿಂದ ರಿಟರ್ನ್ ಬಂದದ್ದು ಅಂತ 2. ಒಟ್ಟು 48.

ಈಗ ಅಂಗಡಿಗೆ ಹಾಕ್ತೀರಿ. ಅಂಗಡಿಯವ್ರು ಎಂಆರ್‌ಪಿ ಮೇಲೆ ನೂರಕ್ಕೆ ಇಪ್ಪತ್ತು ಮಾರ್ಜಿನ್ ಕೇಳಿದ್ರು ಅಂತ ಇಟ್ಕೊಳ್ಳಿ. ಎಂಆರ್‌ಪಿ 60 ಇಟ್ರೆ ನಿಮ್ಮ ಕೈಗೆ ಬರುದು 48. ಅಂದ್ರೆ ಸರಿಯಾಗಿ ಕೂಲಿ ಮಾತ್ರ ಸಿಕ್ಕಿತು, ಬಿಸಿನೆಸ್ಸಿಗೆ ಅಂತ ಒಂದು ರೂಪಾಯಿ ಉಳೀಲಿಲ್ಲ. 70 ಇಟ್ರೆ 56 ಬರ್ತದೆ, 8 ಉಳೀತದೆ. ಅದೇ 70ಕ್ಕೆ ನೀವೇ ಸೀದಾ ವಾಟ್ಸಾಪ್ ಗ್ರೂಪಲ್ಲಿ ಮಾರಿದ್ರೆ 22. ಆ 55 ಮಾಡಿ ಅಂತ ಫೋನ್ ಮಾಡಿದವ್ರು ಇದ್ದಾರಲ್ಲ, 55ಕ್ಕೆ ಅಂಗಡಿಗೆ ಹಾಕಿದ್ರೆ ಕೈಗೆ 44, ಪ್ರತಿ ಪ್ಯಾಕೆಟಿಗೆ 4 ರೂಪಾಯಿ ತಾವೇ ಸೇರಿಸಿ ಕೊಟ್ಟ ಹಾಗೆ ಆಯ್ತು.

ಮತ್ತೆ ಗುರ್ತದವ್ರ ವಿಷಯ. ಮೊದಲ ಹತ್ತು ಪ್ಯಾಕೆಟ್ ಗುರ್ತ ಇಲ್ಲದವ್ರಿಗೆ ಮಾರಿ ಅಂತ ನಾನು ಹೇಳುದು. ಅಪಾರ್ಟ್‌ಮೆಂಟಿನ ಸ್ಟಾಲ್, ದೇವಸ್ಥಾನದ ಜಾತ್ರೆ, ಚರ್ಚಿನ ಫೆಸ್ಟು, ಶಾಲೆಯ ವಾರ್ಷಿಕೋತ್ಸವ, ಯಾವುದೂ ಆಗ್ತದೆ. ಗುರ್ತ ಇಲ್ಲದವ್ರು ರೇಟು ಕೇಳ್ತಾರೆ, ಬೇಕಾದ್ರೆ ತಗೊಳ್ತಾರೆ ಬೇಡದಿದ್ರೆ ಹೋಗ್ತಾರೆ, ಇಬ್ರಿಗೂ ಬೇಜಾರಿಲ್ಲ. ನಾಲ್ಕು ಜನ 70 ಕೊಟ್ಟು ತಗೊಂಡ ಮೇಲೆ ಪಕ್ಕದ ಮನೆಯವ್ರಿಗೂ 70 ಅಂತ ಹೇಳ್ಲಿಕ್ಕೆ ನಾಲಿಗೆ ತಡವರಿಸುದಿಲ್ಲ. ಸಂಬಂಧಿಕರಿಗೆ ಕಮ್ಮಿ ಮಾಡ್ಲೇಬೇಕು ಅಂತ ಅನ್ನಿಸಿದ್ರೆ ರೇಟು ಇಳಿಸ್ಬೇಡಿ, ಒಂದು ಪ್ಯಾಕೆಟ್ ಜಾಸ್ತಿ ಹಾಕಿ. ಇಳಿಸಿದ ರೇಟು ಮತ್ತೆ ಏರುದಿಲ್ಲ, ಅದು ಊರೆಲ್ಲ ಗೊತ್ತಾಗ್ತದೆ.

ಇನ್ನೊಂದು, ಉದ್ರಿ. "ನಾಳೆ ಕೊಡ್ತೇನೆ" ಅಂತ ಹೇಳುವವ್ರು ಯಾವಾಗ್ಲೂ ತೀರಾ ಹತ್ರದವ್ರೇ. ಸಾಮಾನು ಕೊಡುವಾಗಲೇ ಕ್ಯೂಆರ್ ಕೋಡಿನ ಕಾರ್ಡು ಜೊತೆಗೆ ಕೊಟ್ಟು ಬಿಡಿ, ಬಾಯಿ ಬಿಟ್ಟು ಕೇಳುವ ಕಷ್ಟ ಅರ್ಧ ತಪ್ಪಿತು.

ಅದೇ ಬಿಸಿನೆಸ್ ಇಲ್ಲಿ ಆಗ್ಲೇ ಹತ್ತು ಜನ ಮಾಡ್ತಾ ಇದ್ದಾರಲ್ಲ?

ಒಳ್ಳೇದಾಯ್ತು, ಆ ಮಾಲು ಹೋಗ್ತದೆ ಅಂತ ಅವ್ರು ಅವ್ರ ಪೈಸೆಯಲ್ಲಿ ತೋರಿಸಿ ಕೊಟ್ಟಿದ್ದಾರೆ. ಐಸ್‌ಕ್ರೀಮ್ ಮೊದಲೇ ಉಂಟು ಅಂತ ಕೂತಿದ್ರೆ 1975ರಲ್ಲಿ ಮಾರ್ಕೆಟ್ ರೋಡಲ್ಲಿ ಐಡಿಯಲ್ ಪಾರ್ಲರ್ ಬಾಗಿಲು ತೆಗೀತಿರ್ಲಿಲ್ಲ. ಹತ್ತು ಜನ ಇರುವಲ್ಲಿ ಅವ್ರು ಎಂತ ಮಾಡುದಿಲ್ಲ ಅಂತ ನೋಡಿ. ಮೂಡೆ (ಎಲೆಯಲ್ಲಿ ಬೇಯಿಸುವ ಕಡುಬು) ಮಾಡಿ ಕೊಡುವವ್ರು ಅಷ್ಟಮಿ ಚೌತಿಗೆ ಬೇಕಾದಷ್ಟು ಸಿಗ್ತಾರೆ, ಆದ್ರೆ ಬೆಳಿಗ್ಗೆ ಏಳಕ್ಕೆ ಕರೆಕ್ಟಾಗಿ ಮನೆಗೆ ತಂದು ಕೊಡುವವ್ರು? ಹೇಳಿದ ಟೈಮಿಗೆ ಕೊಡುದು ಒಂದೇ ನಿಮ್ಮ ವಿಶೇಷ ಆದ್ರೂ ಸಾಕು, ಈ ಊರಲ್ಲಿ ಅದಕ್ಕೆ ಭಾರೀ ಡಿಮ್ಯಾಂಡ್ ಉಂಟು. ನಮ್ಮ ಪ್ರಿಂಟಿಂಗ್ ಲೈನಲ್ಲೂ ಹಾಗೇ.

ಯಾರೂ ಮಾಡದ್ದು ಹುಡುಕ್ತೇನೆ ಅಂತ ಹೋಗುವವ್ರಿಗೆ ಒಂದು ಮಾತು: ಯಾರೂ ಮಾಡ್ತಾ ಇಲ್ಲ ಅಂದ್ರೆ ಯಾರಿಗೂ ಬೇಡ ಅಂತಲೂ ಇರ್ಬಹುದು.

ಲೈಸೆನ್ಸ್ ಎಲ್ಲ ಆದ ಮೇಲೆ ಶುರು ಮಾಡುವ ಅಂತ ಇದ್ದೇನೆ. ಎಷ್ಟು ಸಮಯ ಬೇಕು?

ಇದರ ಹಿಂದೆ ಅಡಗಿ ಕೂತವ್ರು ತುಂಬಾ ಜನ ಇದ್ದಾರೆ. ಕಾಗದ ಪತ್ರ ಬೇಡ ಅಂತ ಹೇಳ್ತಾ ಇಲ್ಲ, ಬೇಕು, ಆದ್ರೆ ಅದು ನೀವು ಅಂದ್ಕೊಂಡಷ್ಟು ದೊಡ್ಡ ಪರ್ವತ ಅಲ್ಲ.

ತಿನ್ನುವ ವಸ್ತು ಆದ್ರೆ ಎಫ್‌ಎಸ್‌ಎಸ್‌ಎಐ, ಅಂದ್ರೆ ಸರಕಾರದ ಆಹಾರ ಸುರಕ್ಷತಾ ಪ್ರಾಧಿಕಾರದ್ದು, ಮೊದಲು. ಮನೆಯಲ್ಲಿ ಸಣ್ಣ ಮಟ್ಟದಲ್ಲಿ ಮಾಡುವವ್ರಿಗೆ ದೊಡ್ಡ ಲೈಸೆನ್ಸ್ ಬೇಡ, ಬೇಸಿಕ್ ರಿಜಿಸ್ಟ್ರೇಶನ್ ಸಾಕು, ಫೀಸು ವರ್ಷಕ್ಕೆ ನೂರು ರೂಪಾಯಿ, ಆನ್‌ಲೈನಲ್ಲಿ ಫಾಸ್ಕಾಸ್ ಪೋರ್ಟಲಲ್ಲಿ ಹಾಕುದು. ಅದು ಮಾಡದೆ ಮಾರ್ಬೇಡಿ, ನೂರು ರೂಪಾಯಿಗೆ ಯಾಕೆ ತಲೆಬಿಸಿ. 14 ಅಂಕೆಯ ನಂಬರ್ ಬರ್ತದೆ, ಲೇಬಲಲ್ಲಿ ಹಾಕ್ಬೇಕು.

ಉದ್ಯಮ್ ಅಂದ್ರೆ ಸಣ್ಣ ಬಿಸಿನೆಸ್ಸಿಗೆ ಕೇಂದ್ರ ಸರಕಾರದ ರಿಜಿಸ್ಟ್ರೇಶನ್, 2020ರ ಜುಲೈಯಿಂದ ಬಂದದ್ದು, ಆಧಾರ್, ಪ್ಯಾನ್ ಇದ್ರೆ ಮೊಬೈಲಲ್ಲೇ ಆಗ್ತದೆ, ಪೂರ್ತಿ ಫ್ರೀ. ಇದಕ್ಕೆ ಸಾವಿರ ಎರಡು ಸಾವಿರ ಕಿತ್ಕೊಳ್ಳುವ ನಕಲಿ ವೆಬ್‌ಸೈಟ್ ಬೇಕಾದಷ್ಟು ಉಂಟು, ಗೂಗಲಲ್ಲಿ ಮೇಲೆ ಬರುದೇ ಅವು, ಸರಕಾರದ್ದೇ ಸೈಟಾ ಅಂತ ಅಡ್ರೆಸ್ಸಿನ ಕೊನೆಗೆ ನೋಡಿ ಮತ್ತೆ ಒತ್ತಿ. ಅಂಗಡಿ ಕೋಣೆ ಹಿಡಿದ್ರೆ ಮಹಾನಗರಪಾಲಿಕೆಯದ್ದೋ ಪಂಚಾಯತಿದ್ದೋ ಟ್ರೇಡ್ ಲೈಸೆನ್ಸು, ಕಾರ್ಮಿಕ ಇಲಾಖೆಯ ಅಂಗಡಿ ರಿಜಿಸ್ಟ್ರೇಶನ್ನು. ಬಾಡಿಗೆ ಅಗ್ರಿಮೆಂಟಿಗೆ ಸೈನ್ ಹಾಕುವ ಮೊದಲು ಆ ಕೋಣೆಗೆ ಡೋರ್ ನಂಬರ್ ಸರಿಯಾಗಿ ಉಂಟಾ ಅಂತ ಓನರ್ ಹತ್ರ ಕೇಳಿ, ಅಲ್ಲಿ ಸಿಕ್ಕಿ ಹಾಕ್ಕೊಂಡವ್ರು ಇದ್ದಾರೆ.

ಲೇಬಲ್ ನಮ್ಮ ಏರಿಯಾ ಆದ ಕಾರಣ ಹೇಳ್ತೇನೆ: ವಸ್ತುವಿನ ಹೆಸರು, ಎಂತೆಂತ ಹಾಕಿದ್ದೀರಿ, ನಿವ್ವಳ ತೂಕ, ಮಾಡಿದ ತಾರೀಕು, ಎಷ್ಟು ದಿನದ ಒಳಗೆ ತಿನ್ಬೇಕು, ಬ್ಯಾಚ್ ನಂಬರ್, ನಿಮ್ಮ ಹೆಸರು ವಿಳಾಸ, ಕಂಪ್ಲೇಂಟ್ ಇದ್ರೆ ಫೋನ್ ಮಾಡುವ ನಂಬರ್, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಸಸ್ಯಾಹಾರಕ್ಕೆ ಹಸಿರು ಚುಕ್ಕೆ. ಸಿಗಡಿ ಚಟ್ನಿಪುಡಿ ಥರದ್ದಾದ್ರೆ ಕಂದು ಬಣ್ಣದ ತ್ರಿಕೋನ. ಹಸಿರು ಚುಕ್ಕೆ ಚೆಂದ ಕಾಣುದಿಲ್ಲ, ತೆಗೀರಿ ಅಂತ ಹೇಳುವವ್ರು ಇದ್ದಾರೆ, ನಾವು ತೆಗೆಯುದಿಲ್ಲ.

ಗೂಗಲ್ ಪೇ ತಗೊಂಡ್ರೆ ಜಿಎಸ್‌ಟಿ ನೋಟಿಸ್ ಬರ್ತದಂತೆ, ಹೌದಾ?

2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತಲ್ಲ, ಬೆಂಗಳೂರಲ್ಲಿ ಬೇಕರಿ ಚಾ ಅಂಗಡಿಯವ್ರು "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದ್ರು, ಆ ಹೆದರಿಕೆ ಇನ್ನೂ ಹೋಗ್ಲಿಲ್ಲ. ವಿಷಯ ಎಂತ ಅಂದ್ರೆ ಜಿಎಸ್‌ಟಿ ಬರುದು ವ್ಯಾಪಾರದ ಮೇಲೆ, ಪೈಸೆ ಕ್ಯಾಶಲ್ಲಿ ಬಂದ್ರೂ ಫೋನಲ್ಲಿ ಬಂದ್ರೂ ಒಂದೇ. ಬರೀ ಸಾಮಾನು ಮಾರುವವ್ರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದ್ರೆ, ಸೇವೆ ಕೊಡುವವ್ರಿಗೆ 20 ಲಕ್ಷ ದಾಟಿದ್ರೆ ರಿಜಿಸ್ಟ್ರೇಶನ್ ಕಡ್ಡಾಯ. 40 ಲಕ್ಷ ಅಂದ್ರೆ ವರ್ಷದ ಎಲ್ಲ ದಿನವೂ ಸುಮಾರು ಹನ್ನೊಂದು ಸಾವಿರದ ವ್ಯಾಪಾರ ಆಯ್ತು. ಶುರುವಿಗೆ ಅಲ್ಲಿಗೆ ಮುಟ್ಟುದು ಯಾರು?

ಒಂದು ಕಡೆ ಮಾತ್ರ ಜಾಗ್ರತೆ. ನಮ್ಮವ್ರ ಅರ್ಧ ಬಳಗ ಬೊಂಬಾಯಿಯಲ್ಲಿ ಇರುದು, ಅಲ್ಲಿಗೆ ಕೊರಿಯರ್ ಮಾಡಿ ಮಾರುವ ಅಂತ ಎಲ್ರಿಗೂ ಆಸೆ. ತೆರಿಗೆ ಇರುವ ಸಾಮಾನು ಬೇರೆ ರಾಜ್ಯಕ್ಕೆ ಮಾರಿದ್ರೆ ಈ 40 ಲಕ್ಷದ ರಿಯಾಯಿತಿ ಇಲ್ಲ, ಮೊದಲೇ ಜಿಎಸ್‌ಟಿ ಬೇಕು. ಅದು ಮಾಡುದಾದ್ರೆ ಒಬ್ಬ ಲೆಕ್ಕದವ್ರ ಹತ್ರ ಒಮ್ಮೆ ಕೂತು ಮಾತಾಡಿ. ಮತ್ತೆ ಮನೆ ಖರ್ಚಿನ ಅಕೌಂಟು, ಚೀಟಿಯ ಪೈಸೆ, ಅಣ್ಣ ಕಳಿಸಿದ ಪೈಸೆ ಎಲ್ಲ ಒಂದೇ ಅಕೌಂಟಲ್ಲಿ ಕಲಸ್ಬೇಡಿ, ಬಿಸಿನೆಸ್ಸಿಗೆ ಬೇರೆಯೇ ಇಡಿ.

ಬಂಡವಾಳ ಎಷ್ಟು ಬೇಕು? ಸಾಲ ಮಾಡ್ಲಾ?

ಮೊದಲ ಲಾಟಿಗೆ ಸಾಲ ಬೇಡ ಅಂತ ನನ್ನ ಅಭಿಪ್ರಾಯ, ಸ್ಕೀಮ್ ಎಷ್ಟು ಒಳ್ಳೇದಿದ್ರೂ. ಹತ್ತು ಕಿಲೋ ಹಿಟ್ಟು, ಮನೆಯದ್ದೇ ಒಲೆ, ಅಮ್ಮನದ್ದೇ ಚಕ್ಕುಲಿ ಒರಳು. ಇದ್ದ ಹೊಲಿಗೆ ಮೆಷಿನಲ್ಲಿ ನಾಲ್ಕು ಬ್ಲೌಸ್. ಜನ ಎರಡನೇ ಸಲ ಬಂದು ಕೇಳ್ತಾರಾ ಅಂತ ಗೊತ್ತಾದ ಮೇಲೆ ಮೆಷಿನು, ಕೋಣೆ.

ಆಗ ಸಾಲ ಬೇಕಾದ್ರೆ ಮುದ್ರಾ ಉಂಟು, 2015ರಲ್ಲಿ ಶುರುವಾದದ್ದು. ಶಿಶು ಅಂದ್ರೆ 50,000 ವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ, ತರುಣ ತಗೊಂಡು ಸರಿಯಾಗಿ ಕಟ್ಟಿ ಮುಗಿಸಿದವ್ರಿಗೆ 20 ಲಕ್ಷದವರೆಗೂ ಉಂಟು. ಅಡವು ಕೇಳ್ಬಾರ್ದು ಅಂತ ನಿಯಮ. ಬ್ಯಾಂಕಿಗೆ ಹೋಗುವಾಗ ಬರೀ ಕೈಯಲ್ಲಿ ಹೋಗಿ "ಲೋನ್ ಉಂಟಾ ಸರ್" ಅಂತ ಕೇಳಿದ್ರೆ ಮುಂದಿನ ವಾರ ಬನ್ನಿ ಅಂತಾರೆ. ಮೆಷಿನಿನ ಕೊಟೇಶನ್, ಆರು ತಿಂಗಳ ಮಾರಾಟದ ಲೆಕ್ಕ, ಉದ್ಯಮ್ ಸರ್ಟಿಫಿಕೇಟ್ ಇಟ್ಕೊಂಡು ಹೋದ್ರೆ ಮ್ಯಾನೇಜರು ಕುರ್ಚಿ ತೋರಿಸ್ತಾರೆ. ಬೀದಿ ಬದಿ ಗಾಡಿ ಇಡುವವ್ರಿಗೆ ಪಿಎಂ ಸ್ವನಿಧಿ ಬೇರೆ, ಈಗ ಮೊದಲ ಕಂತು 15,000, ಕಟ್ಟಿದ್ರೆ 25,000, ಮತ್ತೆ 50,000. ಸಬ್ಸಿಡಿ ಸ್ಕೀಮಿನ ವಿಷಯ ಕೇಳ್ಲಿಕ್ಕೆ ಯೆಯ್ಯಾಡಿಯ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ, ಉಡುಪಿ ಜಿಲ್ಲೆಗೆ ಬೇರೆ ಕೇಂದ್ರ ಉಂಟು. ಸಬ್ಸಿಡಿ ಸಿಗ್ತದೆ ಅಂತ ಬೇಡದ ಮೆಷಿನ್ ತಗೊಂಡವ್ರ ಮೆಷಿನ್ ಈಗ ಜಗಲಿಯಲ್ಲಿ ಬಟ್ಟೆ ಒಣಗಿಸ್ಲಿಕ್ಕೆ ಉಪಯೋಗ ಆಗ್ತಾ ಉಂಟು.

ಚಿನ್ನ ಇಡುದು ಸುಲಭ ಅಂತ ಕಾಣ್ತದೆ, ಅರ್ಧ ಗಂಟೆಯಲ್ಲಿ ಪೈಸೆ. ಅಮ್ಮನ ಬಳೆ ಇಟ್ಟು ಶುರು ಮಾಡ್ಬೇಡಿ, ವ್ಯಾಪಾರ ಕಮ್ಮಿ ಆದ ದಿನ ಆ ಬಳೆಯೇ ಮಂಡೆಯಲ್ಲಿ ತಿರುಗ್ತಾ ಇರ್ತದೆ.

ನನಗೆ ಬಿಸಿನೆಸ್ ಎಲ್ಲ ಗೊತ್ತಿಲ್ಲ. ಕಲಿಸುವವ್ರು ಯಾರಾದ್ರೂ ಇದ್ದಾರಾ?

ಉಜಿರೆಯ ರುಡ್‌ಸೆಟ್ ಕೇಳಿದ್ದೀರಲ್ಲ. 1982ರಲ್ಲಿ ಧರ್ಮಸ್ಥಳದ ಹೆಗ್ಗಡೆಯವ್ರು, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಮಾಡಿದ ಸ್ವಉದ್ಯೋಗ ತರಬೇತಿ ಸಂಸ್ಥೆ, ಈಗ ದೇಶದ ಬೇರೆ ಬೇರೆ ಜಿಲ್ಲೆಯಲ್ಲಿ ಬ್ಯಾಂಕಿನವ್ರು ನಡೆಸುವ ಇಂಥದ್ದೇ ತರಬೇತಿ ಕೇಂದ್ರ, ಆರ್‌ಸೆಟಿಗಳಿಗೆ ಇದೇ ಮಾದರಿ. ಊಟ, ಉಳಿದುಕೊಳ್ಳುದು, ತರಬೇತಿ ಎಲ್ಲ ಉಚಿತ. ಮೊಬೈಲ್ ರಿಪೇರಿ, ಹೊಲಿಗೆ, ಜೇನು ಸಾಕಣೆ ಇಂಥದ್ದೆಲ್ಲ ಇರ್ತದೆ. ಅಲ್ಲಿಗೆ ಹೋಗಿ ಬಂದವ್ರಲ್ಲಿ ನಾನು ನೋಡಿದ ಬದಲಾವಣೆ ಕಸುಬಿಗಿಂತ ಬಾಯಿದ್ದು, ಹತ್ತು ಜನರ ಮುಂದೆ ನಿಂತು ನನ್ನ ಹೆಸರು ಇಂಥದ್ದು, ನಾನು ಇಂಥದ್ದು ಮಾಡ್ತೇನೆ ಅಂತ ಹೇಳ್ಲಿಕ್ಕೆ ಬರ್ತದೆ. ಆದ್ರೆ ಒಂದಾದ ಮೇಲೆ ಒಂದು ಕೋರ್ಸ್ ಮಾಡ್ತಾ ಸರ್ಟಿಫಿಕೇಟ್ ಲ್ಯಾಮಿನೇಶನ್‌ಗೆ ನಮ್ಮಲ್ಲಿಗೆ ಬರುವವ್ರೂ ಇದ್ದಾರೆ. ಒಂದು ಸಾಕು.

ಆಟಿಯಲ್ಲಿ (ಮಳೆಗಾಲದ ತುಳು ತಿಂಗಳು) ಶುರು ಮಾಡ್ಬಾರ್ದು ಅಂತಾರೆ ಮನೆಯಲ್ಲಿ?

ಮುಹೂರ್ತ ಬಿಡಿ, ಅದು ನಿಮ್ಮ ಮನೆಯವ್ರಿಗೆ ಬಿಟ್ಟದ್ದು, ವ್ಯಾಪಾರದ ಲೆಕ್ಕದಲ್ಲೂ ಆಟಿ ಸ್ವಲ್ಪ ಕಷ್ಟವೇ. ಜೋರು ಮಳೆ, ಮದುವೆ ಇಲ್ಲ, ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಮಲ್ಪೆಯಲ್ಲಿ ಆಗಲಿ ಮಂಗಳೂರು ದಕ್ಕೆಯಲ್ಲಿ ಆಗಲಿ ಪೈಸೆ ಓಡಾಟ ಕಮ್ಮಿ. ದಕ್ಕೆಯಲ್ಲಿ ಪೈಸೆ ಓಡದಿದ್ರೆ ಬಟ್ಟೆ ಅಂಗಡಿಯಲ್ಲೂ ಓಡುದಿಲ್ಲ. ಚಕ್ಕುಲಿ ಹಪ್ಪಳ ಆ ಹವೆಗೆ ಮೆತ್ತಗಾಗ್ತದೆ ಬೇರೆ.

ಆದ್ರೆ ನನ್ನ ಪ್ರಕಾರ ಆಟಿಯೇ ರಿಹರ್ಸಲ್‌ಗೆ ಬೆಸ್ಟ್. ಕವರ್ ಯಾವುದು ಗಾಳಿ ಹೋಗದ್ದು, ಎಷ್ಟು ದಿನ ಗರಿಗರಿ ಇರ್ತದೆ ಅಂತ ಆ ಮಳೆಯಲ್ಲಿ ಪಾಸಾದ್ರೆ ವರ್ಷವಿಡೀ ಪಾಸು. ಮತ್ತೆ ಬರುದೆಲ್ಲ ಸೀಸನ್: ಅಷ್ಟಮಿ, ಚೌತಿ, ದಸರಾ, ದೀಪಾವಳಿ, ಮದುವೆ, ಕೋಲ ನೇಮ, ಕಂಬಳ, ಕ್ರಿಸ್ಮಸ್. ಮೇ ಕೊನೆಗೆ ಕೋಲ ನೇಮ ಎಲ್ಲ ನಿಲ್ಲುವ ಪತ್ತನಾಜೆವರೆಗೆ ಉಸಿರಾಡ್ಲಿಕ್ಕೆ ಪುರುಸೊತ್ತಿಲ್ಲ. ಚೌತಿಗೆ ಬೇಕಾದ ಲೇಬಲ್ ಚೌತಿಯ ಹಿಂದಿನ ದಿನ ಕೇಳ್ಲಿಕ್ಕೆ ಬರ್ಬೇಡಿ ಅಷ್ಟೆ, ದಮ್ಮಯ್ಯ.

ಫ್ರೆಂಡ್ ಜೊತೆ ಸೇರಿ ಮಾಡಿದ್ರೆ ಧೈರ್ಯ ಬರ್ತದಲ್ವಾ?

ಧೈರ್ಯಕ್ಕೆ ಅಂತ ಪಾರ್ಟ್‌ನರ್ ಮಾಡ್ಬೇಡಿ. ಒಬ್ರಿಗೆ ಅಡುಗೆ ಬರ್ತದೆ ಇನ್ನೊಬ್ರಿಗೆ ಅಂಗಡಿ ಅಂಗಡಿಗೆ ಹೋಗಿ ಲೈನ್ ಸೇಲ್ ಮಾಡ್ಲಿಕ್ಕೆ ಬರ್ತದೆ ಅಂತಾದ್ರೆ ಸರಿ. ಇಬ್ರೂ ಹೆದರುವವ್ರೇ ಆದ್ರೆ ಮೀಟಿಂಗ್ ಮಾತ್ರ ಆಗುದು, ಪಬ್ಬಾಸಿನಲ್ಲಿ ಗಡ್‌ಬಡ್ ಐಸ್‌ಕ್ರೀಮ್ ತಿಂದ ಬಿಲ್ಲು ಜಾಸ್ತಿ ಆಗುದು. ಸೇರಿದ್ರೆ ಯಾರು ಎಷ್ಟು ಹಾಕಿದ್ದು, ಬಿಟ್ಟು ಹೋದ್ರೆ ಎಷ್ಟು ವಾಪಸ್ ಅಂತ ಮೊದಲ ದಿನವೇ ಬರೆದಿಡಿ.

ಇನ್‌ಸ್ಟಾದಲ್ಲಿ ಮುಖ ತೋರಿಸಿ ವಿಡಿಯೋ ಮಾಡ್ಲೇಬೇಕಾ?

ಇಲ್ಲ. ಕೈ ತೋರಿಸಿದ್ರೆ ಸಾಕು. ಎಣ್ಣೆಗೆ ಚಕ್ಕುಲಿ ಬಿಡುವ ಶಬ್ದ ಕೇಳಿಸಿದ್ರೆ ಮುಖ ಯಾರು ನೋಡ್ತಾರೆ.

ಲಾಸ್ ಆದ್ರೆ?

ಆಗ್ಬಹುದು. ಮೇಲೆ ಹೇಳಿದ ಎರಡು ನಂಬರ್ ನೆನಪುಂಟಲ್ಲ, ಎಷ್ಟು ಹಾಕ್ತೇನೆ, ಎಲ್ಲಿ ನಿಲ್ಲಿಸ್ತೇನೆ. ಎರಡನೇದ್ದು ಮುಟ್ಟಿದ್ರೆ ನಿಲ್ಲಿಸಿ. ಲಾಸಿಗಿಂತ ಜನರಿಗೆ ಹೆದರಿಕೆ ಇರುದು ಬೋರ್ಡ್ ಕೆಳಗೆ ಇಳಿಸುದು ನಾಲ್ಕು ಜನ ನೋಡ್ತಾರಲ್ಲ ಅಂತ, ಆ ನಾಚಿಕೆಗೆ ಇನ್ನೂ ಆರು ತಿಂಗಳು ಬಾಡಿಗೆ ಕಟ್ಟುದು. ಅದಕ್ಕೇ ಮೊದಲು ಬೋರ್ಡ್ ಇಲ್ಲದೆ ಶುರು ಮಾಡಿ ಅಂತ ಹೇಳುದು. ನಿಲ್ಲಿಸುವ ಮೊದಲು ಒಂದು ಪರೀಕ್ಷೆ ಮಾತ್ರ ಮಾಡಿ ನೋಡಿ: ಮಾಲು ಹೋಗದೆ ಲಾಸ್ ಆದದ್ದಾ, ಹೋಗಿಯೂ ಲಾಸ್ ಆದದ್ದಾ? ಹೋಗಿಯೂ ಲಾಸ್ ಅಂತಾದ್ರೆ ರೇಟು ತಪ್ಪಿದ್ದು, ಅದು ಸರಿ ಮಾಡ್ಬಹುದು.

ಒಳ್ಳೆ ಹೆಸರು, ಲೋಗೋ ಸಿಗುವವರೆಗೆ ಕಾಯ್ಲಾ?

ಕಾಯ್ಬೇಡಿ. ನಮಗೆ ಆರ್ಡರ್ ಕಮ್ಮಿ ಆಗುವ ಮಾತು ಹೇಳ್ತಾ ಇದ್ದೇನೆ, ಪರ್ವಾಗಿಲ್ಲ. ಕಮ್ಮಿ ಬೀಳ್ತದೆ ಅಂತ ಮೊದಲ ಸಲವೇ ಐದು ಸಾವಿರ ಮಲ್ಟಿಕಲರ್ ಲೇಬಲ್ ಮಾಡಿಸ್ತಾರೆ, ಮತ್ತೆ ಎಫ್‌ಎಸ್‌ಎಸ್‌ಎಐ ನಂಬರ್ ಬರ್ತದೆ, ತೂಕ ಬದಲಾಗ್ತದೆ, ರೇಟು ಬದಲಾಗ್ತದೆ, ಎಲ್ಲ ರದ್ದಿಗೆ. ಮನೆ ಹೆಸರೇ ಇಡಿ, ಅಜ್ಜಿ ಹೆಸರೇ ಇಡಿ.

ಕಮ್ಮಿ ಅಂದ್ರೆ ಎಷ್ಟು ಲೇಬಲ್ ಮಾಡಿ ಕೊಡ್ತೀರಿ?

ಒಂದು ಎ4 ಶೀಟ್ ಆದ್ರೂ ಮಾಡಿ ಕೊಡ್ತೇವೆ, ಚಕ್ಕುಲಿ ಪ್ಯಾಕೆಟಿನ ಸೈಜಿಗೆ ಒಂದು ಶೀಟಲ್ಲಿ ಹನ್ನೆರಡು ಕೂತ್ಕೊಳ್ತದೆ. ತಾರೀಕು, ಬ್ಯಾಚ್ ನಂಬರ್ ಹಾಕ್ಲಿಕ್ಕೆ ಜಾಗ ಬಿಡ್ತೇವೆ, ಅದಕ್ಕೆ ಒಂದು ರಬ್ಬರ್ ಸ್ಟಾಂಪ್ ಮಾಡಿಸ್ಕೊಳ್ಳಿ. ಭಾನುವಾರ ರಜೆ. ಬರುವಾಗ ಎಂಆರ್‌ಪಿ ಎಷ್ಟು ಅಂತ ಮನೆಯಲ್ಲೇ ಲೆಕ್ಕ ಹಾಕಿ ಬನ್ನಿ, ಆ ಕಾಲಂ ಖಾಲಿ ಬಿಟ್ರೆ ಪ್ರೂಫ್ ಕೊಡುದಿಲ್ಲ.